ಹಗುರ ಬಾನೆಟ್ಟು, ಭಾರದ ಹೊಣೆ

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಆಚೆಗೊಂದು ಬಡಾವಣೆ. ಕಾರು ಕಾರ್ಖಾನೆಗಳ ಈ ಸೀಮೆಯಲ್ಲಿ ಕರ್ನಾಟಕದಿಂದ ಹೋಗಿ ನೆಲೆಸಿದ ಎಂಜಿನಿಯರುಗಳಿದ್ದಾರೆ. ಅಂಥ ಒಬ್ಬರ ಮಗ ಈಗ ಕಾಲೇಜಿನ ಎರಡನೇ ವರ್ಷದಲ್ಲಿದ್ದಾನೆ. ರಜೆಯಲ್ಲಿ ದುಡಿದು ಕೂಡಿಟ್ಟ ಹಣದಲ್ಲಿ ಹಳೆಯ ಫೋರ್ಡ್ ಮಸ್ಟಾಂಗ್ ಕಾರೊಂದನ್ನು ಕೊಂಡಿದ್ದಾನೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಆ ಕಾರಿನ ಉಕ್ಕಿನ ಬಾನೆಟ್ಟನ್ನು ಅಂಚಿನಿಂದ ತಿಂದಿದೆ. ಅದರ ಬದಲಿಗೆ ಹುಡುಗ ಫೈಬರ್‌ಗ್ಲಾಸಿನ ಹೊಸ ಬಾನೆಟ್ಟನ್ನು ತರಿಸಿದ್ದಾನೆ. ಪೆಟ್ಟಿಗೆ ಬಿಚ್ಚಿ, ಒಬ್ಬನೇ ಎತ್ತಿ ಹಿಡಿದು ಅಪ್ಪನಿಗೆ ತೋರಿಸುತ್ತಾನೆ.

“ನೋಡಪ್ಪ, ಎಷ್ಟು ಹಗುರ ಇದೆ!”

“ಹಗುರ ಅನ್ನೋದೇ ನನಗೆ ಭಯ ಕಣೋ. ನಾಳೆ ಅಮ್ಮನ್ನ ಕೂರಿಸ್ಕೊಂಡು ಹೈವೇಗೆ ಹೋಗ್ತೀಯ. ಇದು ಹಾರಿ ಗಾಜಿಗೆ ಬಡಿದ್ರೆ?”

“ಹಳೇ ಲಾಚು ಇದೆಯಲ್ಲಪ್ಪ, ಅದೇ ಹಿಡ್ಕೊಳ್ಳತ್ತೆ.”

ಅಪ್ಪನ ಊರು ಮಲೆನಾಡು. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ತಗಡಿನ ಮೇಲೆ ಕಲ್ಲು ಹೇರಿದ ನೆನಪು ಅವರಿಗಿದೆ. ಹಗುರವಾದದ್ದು ಗಾಳಿಗೆ ಹಾರುತ್ತದೆ ಎಂಬುದು ಅವರ ತರ್ಕ. ಲಾಚು ಇದ್ದ ಮೇಲೆ ಹೆದರಿಕೆ ಏಕೆ ಎಂಬುದು ಮಗನ ತರ್ಕ. ತಮಾಷೆಯೆಂದರೆ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಉಳಿದ ಅರ್ಧವನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಹೇಳಿಕೊಡುತ್ತದೆ.

ಗಾಳಿಯ ಲೆಕ್ಕ

ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಅಮೆರಿಕನ್ನರು ‘ಹುಡ್’ ಎನ್ನುತ್ತಾರೆ. ಕನ್ನಡದ ಗ್ಯಾರೇಜುಗಳಲ್ಲಿ ಅದು ಬಾನೆಟ್ಟು. ಹೆಸರು ಏನೇ ಇರಲಿ, ಓಡುವ ಕಾರಿನಲ್ಲಿ ಗಾಳಿಯ ಪೆಟ್ಟನ್ನು ಮೊದಲು ಎದುರಿಸುವ ಭಾಗಗಳಲ್ಲಿ ಅದೂ ಒಂದು.

ಚಲಿಸುವ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವುದು ಸುಲಭ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಆಯಿತು. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಬಾನೆಟ್ಟಿನ ವಿಸ್ತೀರ್ಣ ಒಂದೂವರೆ ಚದರ ಮೀಟರ್ ಎಂದು ಹಿಡಿಯಿರಿ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದಾಗ ಗಾಳಿ ತನ್ನ ಪೂರ್ಣ ಒತ್ತಡದಿಂದ ಅಷ್ಟೂ ಜಾಗವನ್ನು ತಳ್ಳಿದರೆ ಬೀಳುವ ಬಲ ಸುಮಾರು 18 ಕಿಲೋ ಭಾರಕ್ಕೆ ಸಮ. ವೇಗ 100ಕ್ಕೆ ಏರಿದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು 70 ಕಿಲೋ. 120ರಲ್ಲಿ 1000 ನ್ಯೂಟನ್, ಅಂದರೆ ಸುಮಾರು ಒಂದು ಕ್ವಿಂಟಾಲ್! ಎದುರುಗಾಳಿ ಇದ್ದರೆ ಅದರ ವೇಗವನ್ನೂ ಕಾರಿನ ವೇಗಕ್ಕೆ ಕೂಡಿಸಿ ವರ್ಗ ಮಾಡಬೇಕು.

ಮುಚ್ಚಿರುವ ಬಾನೆಟ್ಟಿನ ಮೇಲೆ ಇಷ್ಟೂ ಬಲ ಬೀಳುವುದಿಲ್ಲ ಎಂಬುದು ನಿಜ. ಅಲ್ಲಿ ಗಾಳಿಯ ಆಟವೇ ಬೇರೆ. ಕಾರಿನ ಮೂತಿಯನ್ನು ಸುತ್ತಿ ಮೇಲೇರುವ ಗಾಳಿ, ಬಾನೆಟ್ಟಿನ ಮುಂದಿನ ಬಾಗಿನಲ್ಲಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಕೆಳಗಡೆ ರೇಡಿಯೇಟರ್ ಜಾಲರಿಯ ಮೂಲಕ ನುಗ್ಗಿದ ಗಾಳಿ ಎಂಜಿನ್ನಿನ ಸುತ್ತ ತುಂಬಿಕೊಂಡು ಮೇಲಕ್ಕೆ ಒತ್ತುತ್ತದೆ. ಮೇಲಿನಿಂದ ಎಳೆತ, ಕೆಳಗಿನಿಂದ ತಳ್ಳಾಟ! ಹೀಗಾಗಿ ಬಾನೆಟ್ಟಿನ ಮುಂದಿನ ಅಂಚು ಯಾವಾಗಲೂ ಮೇಲೇಳಲು ಹವಣಿಸುತ್ತಿರುತ್ತದೆ. ಹಿಂದಿನ ಅಂಚಿನಲ್ಲಿ, ಅಂದರೆ ಗಾಜಿನ ಬುಡದಲ್ಲಿ, ಪರಿಸ್ಥಿತಿ ತಲೆಕೆಳಗು. ಗಾಳಿ ಗಾಜಿಗೆ ಬಡಿದು ತಡೆಯುವುದರಿಂದ ಅಲ್ಲಿ ಒತ್ತಡ ಹೆಚ್ಚು. ಈ ಗುಟ್ಟನ್ನು ಅರಿತೇ ಷೆವರ್ಲೆ ಕಂಪನಿ 1969ರ ಕಮಾರೊ ಕಾರಿಗೆ ಹಿಂಬದಿಗೆ ಬಾಯಿ ತೆರೆದ ಬಾನೆಟ್ಟನ್ನು ಕೊಟ್ಟಿತ್ತು. ಗಾಜಿನ ಬುಡದಲ್ಲಿ ಒತ್ತಿಕೊಂಡ ತಂಪು ಗಾಳಿಯನ್ನು ಎಂಜಿನ್ನಿಗೆ ಉಣಿಸುವುದು ಅದರ ಉದ್ದೇಶ.

ಅಪಾಯ ಶುರುವಾಗುವುದು ಮುಂದಿನ ಅಂಚು ಒಂದೆರಡು ಬೆರಳಿನಷ್ಟು ಎದ್ದಾಗ. ಆಗ ಗಾಳಿ ನೇರವಾಗಿ ಕೆಳಗೆ ನುಗ್ಗುತ್ತದೆ. ಎದ್ದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಏಳುವುದು ಹೆಚ್ಚು. ಮೇಲೆ ಹೇಳಿದ 70 ಕಿಲೋ, 100 ಕಿಲೋ ಲೆಕ್ಕವೆಲ್ಲ ಆಗ ನಿಜವಾಗುತ್ತದೆ. ಬಿರುಗಾಳಿಯಲ್ಲಿ ಕೊಡೆ ತಿರುವಿಕೊಳ್ಳುವಂತೆ ಬಾನೆಟ್ಟು ಕಣ್ಣು ಮಿಟುಕಿಸುವುದರೊಳಗೆ ಗಾಜಿಗೆ ಅಪ್ಪಳಿಸುತ್ತದೆ.

ಇಲ್ಲಿ ಅಪ್ಪನ ತರ್ಕದ ದೋಷ ಕಾಣಿಸುತ್ತದೆ. ಇಂಥ ಕಾರಿನ ಉಕ್ಕಿನ ಬಾನೆಟ್ಟು ಸುಮಾರು 20 ಕಿಲೋ ತೂಗೀತು, ಫೈಬರ್‌ಗ್ಲಾಸಿನದು ಅದರ ಅರ್ಧದಷ್ಟು. ಒಂದು ಕ್ವಿಂಟಾಲ್ ಬಲದ ಮುಂದೆ ಎರಡೂ ಲೆಕ್ಕಕ್ಕಿಲ್ಲ. ಉಕ್ಕಿನ ಬಾನೆಟ್ಟು ತನ್ನ ತೂಕದಿಂದ ಕೂತಿರುವುದಿಲ್ಲ, ಲಾಚಿನ ಹಿಡಿತದಿಂದ ಕೂತಿರುತ್ತದೆ. ತಗಡು ನಿಲ್ಲುವುದು ಮೇಲೆ ಹೇರಿದ ಕಲ್ಲಿನಿಂದಲ್ಲ, ಅಡಿಯ ಪಟ್ಟಿಗೆ ಬಿಗಿದ ಬೋಲ್ಟಿನಿಂದ.

ಉಳಿದ ತೂಕ ಯಾವುದು?

ಹಾಗಾದರೆ ಮಗ ಹೇಳಿದಂತೆ ಹಳೆಯ ಲಾಚು ಸಾಕಲ್ಲವೆ? ಇಲ್ಲಿದೆ ಅವನ ತರ್ಕದ ದೋಷ.

ಫೈಬರ್‌ಗ್ಲಾಸ್ ಎಂದರೆ ಗಾಜಿನ ಸಣ್ಣ ಎಳೆಗಳ ಚಾಪೆಯನ್ನು ಪಾಲಿಯೆಸ್ಟರ್ ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಗಟ್ಟಿಯಾಗಿಸಿದ ವಸ್ತು. ಮಲ್ಪೆಯ ಬಂದರಿನಲ್ಲಿ ಈ ವಸ್ತುವಿನ ಮೀನುಗಾರಿಕೆ ದೋಣಿಗಳನ್ನು ನೋಡಬಹುದು. ಎಳೆ ಬಲ ಕೊಡುತ್ತದೆ, ರಾಳ ಆಕಾರ ಕೊಡುತ್ತದೆ. ತುಕ್ಕಿನ ಭಯವಿಲ್ಲ. ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. 1953ರಲ್ಲಿ ಷೆವರ್ಲೆ ತನ್ನ ಕಾರ್ವೆಟ್ ಕಾರಿನ ಇಡೀ ಮೈಯನ್ನೇ ಇದರಿಂದ ಮಾಡಿತು. ಮಿಷಿಗನ್ನಿನ ಫ್ಲಿಂಟ್ ಊರಿನಲ್ಲಿ ಆ ವರ್ಷ 300 ಕಾರುಗಳು ತಯಾರಾದವು.

ಈಗ ಒಂದು ಚದರ ಮೀಟರಿನ ಲೆಕ್ಕ ನೋಡಿ. 0.8 ಮಿ.ಮೀ. ದಪ್ಪದ ಉಕ್ಕಿನ ತಗಡು ಸುಮಾರು 6.3 ಕಿಲೋ ತೂಗುತ್ತದೆ. ಫೈಬರ್‌ಗ್ಲಾಸ್ ಉಕ್ಕಿಗಿಂತ ಬಹಳ ಸುಲಭವಾಗಿ ಬಾಗುವುದರಿಂದ ಅದನ್ನು 3 ಮಿ.ಮೀ.ನಷ್ಟು ದಪ್ಪ ಮಾಡಬೇಕು. ಅದರ ತೂಕ ಸುಮಾರು 4.5 ಕಿಲೋ. ಅಂದರೆ ಮೇಲಿನ ಹೊದಿಕೆಯಲ್ಲಿ ಉಳಿದದ್ದು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಾಗಿದ್ದೂ ಒಟ್ಟು ತೂಕ ಅರ್ಧಕ್ಕೆ ಇಳಿಯುವುದು ಹೇಗೆ?

ಉಕ್ಕಿನ ಬಾನೆಟ್ಟನ್ನು ಎತ್ತಿ ಒಳಮೈ ನೋಡಿದರೆ ಉತ್ತರ ಸಿಗುತ್ತದೆ. ಅಲ್ಲಿ ಇನ್ನೊಂದು ತಗಡಿನ ಚೌಕಟ್ಟು ಇರುತ್ತದೆ. ಪಕ್ಕೆಲುಬಿನಂಥ ಏಣುಗಳು, ಕೀಲು ಕೂರುವಲ್ಲಿ ದಪ್ಪ ಪಟ್ಟಿ, ಲಾಚಿನ ಕೊಂಡಿ ಕೂರುವಲ್ಲಿ ಬೆಸುಗೆ ಹಾಕಿದ ಬಲವಾದ ತುಂಡು. ಅಗ್ಗದ ಫೈಬರ್‌ಗ್ಲಾಸ್ ಬಾನೆಟ್ಟಿನಲ್ಲಿ ಈ ಚೌಕಟ್ಟು ತೆಳ್ಳಗಿರುತ್ತದೆ ಅಥವಾ ಇರುವುದೇ ಇಲ್ಲ. ತೂಕ ಉಳಿದದ್ದು ಮುಖ್ಯವಾಗಿ ಅಲ್ಲಿ. ಬಲ ಎಲ್ಲಿತ್ತೋ ಅಲ್ಲೇ ತೂಕ ಇಳಿಸಲಾಗಿದೆ. ಲಾಚು ಹಳೆಯದೇ ಇರಬಹುದು, ಗಟ್ಟಿಯೂ ಇರಬಹುದು. ಆದರೆ ಅದು ಹಿಡಿದುಕೊಂಡಿರುವ ಕೊಂಡಿಯ ಬೇರು ಮೂರು ಮಿಲಿಮೀಟರ್ ರಾಳದಲ್ಲಿದೆ.

ಇನ್ನೂ ಒಂದು ವ್ಯತ್ಯಾಸವಿದೆ. ಉಕ್ಕು ಸೋಲುವ ಮುಂಚೆ ಬಾಗುತ್ತದೆ, ಡೊಂಕಾಗುತ್ತದೆ, ಸದ್ದು ಮಾಡುತ್ತದೆ. ಫೈಬರ್‌ಗ್ಲಾಸ್ ಅಷ್ಟು ಸೌಜನ್ಯ ತೋರಿಸುವುದಿಲ್ಲ. ಬೋಲ್ಟಿನ ರಂಧ್ರದ ಸುತ್ತ ಜೇಡರಬಲೆಯಂಥ ಸಣ್ಣ ಬಿರುಕುಗಳು ಮೂಡುತ್ತವೆ. ಅದನ್ನು ಯಾರೂ ಗಮನಿಸದಿದ್ದರೆ ಒಂದು ದಿನ ಬೋಲ್ಟು ತನ್ನ ಸುತ್ತಲಿನ ಚೂರಿನೊಂದಿಗೇ ಕಿತ್ತು ಬರುತ್ತದೆ.

ಎರಡು ಕೊಕ್ಕೆಯ ಕಾನೂನು

ಕಾರಿನ ಒಳಗಿನ ಹಿಡಿ ಎಳೆದಾಗ ಬಾನೆಟ್ಟು ಪೂರ್ತಿ ತೆರೆಯುವುದಿಲ್ಲ, ತುಸು ಮಾತ್ರ ಏಳುತ್ತದೆ. ಹೊರಗೆ ಬಂದು, ಸಂದಿಯಲ್ಲಿ ಬೆರಳು ತೂರಿಸಿ ಇನ್ನೊಂದು ಕೊಕ್ಕೆಯನ್ನು ಸರಿಸಬೇಕು. ಇದು ತಯಾರಕರ ಹಟವಲ್ಲ. ಅಮೆರಿಕದಲ್ಲಿ 1969ರ ಜನವರಿ 1ರಿಂದ ಜಾರಿಗೆ ಬಂದ 113ನೇ ಸಂಖ್ಯೆಯ ಸುರಕ್ಷತಾ ಮಾನದಂಡ ಇದನ್ನು ಕಡ್ಡಾಯ ಮಾಡಿದೆ. ಮುಂದಿನಿಂದ ತೆರೆದು ಚಾಲಕನ ನೋಟಕ್ಕೆ ಅಡ್ಡಬರುವ ಬಾನೆಟ್ಟಿಗೆ ಲಾಚಿನಲ್ಲಿ ಎರಡನೆಯ ಹಂತ ಇರಬೇಕು, ಇಲ್ಲವೆ ಎರಡನೆಯ ಲಾಚೇ ಇರಬೇಕು. ಒಂದು ಸೋತರೆ ಇನ್ನೊಂದು ಕಾಯಬೇಕು ಎಂಬುದು ಇದರ ಹಿಂದಿನ ತತ್ವ. ಎರಡನೆಯ ಕೊಕ್ಕೆ ತುಕ್ಕು ಹಿಡಿದು ಸರಿಯಾಗಿ ಕೂರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಲಕ್ಷಾಂತರ ಕಾರುಗಳನ್ನು ಕಂಪನಿಗಳು ದುರಸ್ತಿಗೆ ಹಿಂದಕ್ಕೆ ಕರೆದದ್ದುಂಟು.

ಆದರೆ ಈ ಮಾನದಂಡ ಕಾರ್ಖಾನೆಯಿಂದ ಬರುವ ಹೊಸ ಕಾರಿಗೆ. ಕಾರಿನ ಸುರಕ್ಷತಾ ಏರ್ಪಾಟನ್ನು ಗೊತ್ತಿದ್ದೂ ಕೆಡಿಸುವಂತಿಲ್ಲ ಎಂಬ ಅಮೆರಿಕದ ಕೇಂದ್ರ ಕಾನೂನು ತಯಾರಕರಿಗೆ, ವ್ಯಾಪಾರಿಗಳಿಗೆ, ರಿಪೇರಿ ಅಂಗಡಿಗಳಿಗೆ ಅನ್ವಯಿಸುತ್ತದೆ. ಮನೆಯ ಶೆಡ್ಡಿನಲ್ಲಿ ತಾನೇ ಸ್ಪ್ಯಾನರ್ ಹಿಡಿದ ಮಾಲೀಕನನ್ನು ಅದು ಕಟ್ಟಿಹಾಕುವುದಿಲ್ಲ. ರಾಜ್ಯಗಳ ನಿಯಮಗಳು ಬೇರೆ ಬೇರೆ ಇವೆ. ಅಂದರೆ ಮಸ್ಟಾಂಗ್ ಹುಡುಗನ ಕೆಲಸವನ್ನು ಪರೀಕ್ಷಿಸಿ ಮುದ್ರೆ ಒತ್ತುವ ಇನ್‌ಸ್ಪೆಕ್ಟರ್ ಯಾರೂ ಇಲ್ಲದಿರಬಹುದು. ಆ ಕೆಲಸವನ್ನು ಅವನೇ ಮಾಡಬೇಕು, ಅವನ ಅಪ್ಪ ಮಾಡಬೇಕು.

ಹಿರಿಯರು ನಡೆದ ದಾರಿ

ಈ ಸಮಸ್ಯೆ ಹೊಸದಲ್ಲ. 1965ರಲ್ಲಿ ಬಂದ ಶೆಲ್ಬಿ ಜಿಟಿ 350 ಎಂಬ ಮಸ್ಟಾಂಗಿಗೆ ಫೈಬರ್‌ಗ್ಲಾಸಿನ ಬಾನೆಟ್ಟು ಇತ್ತು. ಅದನ್ನು ಹಿಡಿದಿಡಲು ಮೇಲುಗಡೆಯಿಂದ ಪಿನ್ನುಗಳನ್ನು ಕೊಟ್ಟಿದ್ದರು. 1969ರ ನಡುವಿನಲ್ಲಿ ಕ್ರೈಸ್ಲರ್ ಕಂಪನಿ ಪ್ಲಿಮತ್ ರೋಡ್ ರನ್ನರ್ ಮತ್ತು ಡಾಡ್ಜ್ ಸೂಪರ್ ಬೀ ಕಾರುಗಳ ಒಂದು ವಿಶೇಷ ಮಾದರಿಯನ್ನು ಮಾರಿತು. ಅದರ ಕಪ್ಪು ಫೈಬರ್‌ಗ್ಲಾಸ್ ಬಾನೆಟ್ಟಿಗೆ ಕೀಲೇ ಇರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಎಣ್ಣೆ ನೋಡಬೇಕಾದರೆ ನಾಲ್ಕನ್ನೂ ಕಿತ್ತು, ಎರಡೂ ಬದಿಯಿಂದ ಇಬ್ಬರು ಹಿಡಿದು ಮುಚ್ಚಳದಂತೆ ಎತ್ತಿಡಬೇಕು.

ದೊಡ್ಡ ಕಂಪನಿಗಳ ಎಂಜಿನಿಯರುಗಳೇ ಫೈಬರ್‌ಗ್ಲಾಸ್ ಬಂದಾಗ ಪಿನ್ನಿಗೆ ಶರಣಾದದ್ದು ಏಕೆ? ನಡುವಿನ ಒಂದೇ ಲಾಚು ಬಾನೆಟ್ಟನ್ನು ಒಂದೇ ಬಿಂದುವಿನಲ್ಲಿ ಹಿಡಿಯುತ್ತದೆ. ಗಟ್ಟಿ ಚೌಕಟ್ಟಿರುವ ಉಕ್ಕಿಗೆ ಅದು ಸಾಕು. ಬಾಗುವ ಫೈಬರ್‌ಗ್ಲಾಸಿನಲ್ಲಿ ನಡು ಕೂತಿದ್ದರೂ ಎರಡು ಮೂಲೆಗಳು ಗಾಳಿಗೆ ಪಟಪಟಿಸುತ್ತವೆ. ಆ ಪಟಪಟ ಪ್ರತಿ ನಿಮಿಷ ಲಾಚಿನ ಬೇರನ್ನು ಅಲುಗಿಸುತ್ತದೆ. ಪಿನ್ನು ಮೂಲೆಗಳನ್ನೇ ಹಿಡಿಯುತ್ತದೆ.

ದಿನಬಳಕೆಯ ಕಾರಿಗೆ ಇವೆರಡನ್ನೂ ಕೂಡಿಸಿದ ದಾರಿ ಒಳ್ಳೆಯದು. ಹಿಂದೆ ಕೀಲು ಇರಲಿ, ನಡುವೆ ಕಾರ್ಖಾನೆಯ ಲಾಚು ಮತ್ತು ಅದರ ಎರಡನೆಯ ಕೊಕ್ಕೆ ಇರಲಿ, ಜೊತೆಗೆ ಮುಂದಿನ ಎರಡು ಮೂಲೆಗೆ ಎರಡು ಪಿನ್ನು ಬರಲಿ. ಪಿನ್ನು ಲಾಚಿನ ಬದಲಿಗಲ್ಲ, ಲಾಚಿನ ಜೊತೆಗೆ. ಕೀಲಿಲ್ಲದೆ ನಾಲ್ಕು ಪಿನ್ನಿನ ಮೇಲೆ ಕೂರುವ ಬಾನೆಟ್ಟು ರೇಸಿನ ಅಂಗಳಕ್ಕೆ ಸರಿ. ಹೆದ್ದಾರಿಯ ಬದಿಯಲ್ಲಿ ಮಳೆಗಾಳಿಯ ನಡುವೆ ಒಬ್ಬನೇ ಅದನ್ನು ಎತ್ತಿ ಎಲ್ಲಿಡುವುದು?

ಪಿನ್ನು ಕೂರಿಸುವ ಬಗೆ

ಬಾನೆಟ್ ಪಿನ್ನು ಎಂದರೆ ಬೆರಳುದ್ದದ ಒಂದು ಉಕ್ಕಿನ ಕಡ್ಡಿ. ಕೆಳ ತುದಿಯಲ್ಲಿ ನಟ್ಟಿಗೆ ಮರೆಗಳು, ಮೇಲ್ತುದಿಯಲ್ಲಿ ಅಡ್ಡ ರಂಧ್ರ. ಕಡ್ಡಿಯನ್ನು ಕಾರಿನ ಮೈಗೆ ನೆಟ್ಟರೆ ಅದರ ತಲೆ ಬಾನೆಟ್ಟಿನ ತೂತಿನಿಂದ ಹೊರಗೆ ಇಣುಕುತ್ತದೆ. ಅಡ್ಡ ರಂಧ್ರಕ್ಕೆ ಒಂದು ಸ್ಪ್ರಿಂಗ್ ಕ್ಲಿಪ್ಪು ತೂರಿಸಿದರೆ ಬಾನೆಟ್ಟು ಮೇಲೇಳುವಂತಿಲ್ಲ. ಎತ್ತಿನ ಗಾಡಿಯ ಚಕ್ರ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿಯ ತತ್ವವೇ ಇದು.

ಕೆಲಸದ ಕ್ರಮ ಹೀಗೆ:

ಮೊದಲು ಬಾನೆಟ್ಟು ಸರಿಯಾಗಿ ಕೂರಬೇಕು. ಎರಡೂ ಬದಿಯ ಸಂದಿ ಸಮನಾಗಿರಬೇಕು. ಅಂಚಿನ ರಬ್ಬರ್ ಗುಂಡಿಗಳು ಬಾನೆಟ್ಟನ್ನು ಕೆಳಗಿನಿಂದ ತುಸು ಒತ್ತಿ ಹಿಡಿದಿರಬೇಕು. ಇದು ಸರಿಯಾಗುವ ತನಕ ಡ್ರಿಲ್ ಮುಟ್ಟಬಾರದು. ತೂತು ಒಮ್ಮೆ ಬಿದ್ದರೆ ಮುಗಿಯಿತು.

ಕಡ್ಡಿಯನ್ನು ನೆಡುವುದು ರೇಡಿಯೇಟರನ್ನು ಹೊತ್ತ ಅಡ್ಡಪಟ್ಟಿಯ ಎರಡು ತುದಿಗಳಲ್ಲಿ. ಅದು ಕಾರಿನ ಮೈಗೆ ಸೇರಿದ ಗಟ್ಟಿ ಭಾಗ. ಎಂಜಿನ್ನಿಗೆ ಸೇರಿದ ಯಾವುದಕ್ಕೂ ಪಿನ್ನು ಕಟ್ಟಬಾರದು, ಎಂಜಿನ್ ಅಲುಗಾಡುತ್ತದೆ. ಪಟ್ಟಿಯ ಮೇಲೊಂದು, ಕೆಳಗೊಂದು ನಟ್ಟು ಹಾಕಿ, ನಡುವೆ ವಾಷರ್ ಇಟ್ಟು ಬಿಗಿಯಬೇಕು.

ಕಡ್ಡಿಯ ತಲೆಗೆ ತುಸು ಗ್ರೀಸು ಸವರಿ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರೆ ಒಳಮೈಯಲ್ಲಿ ಗುರುತು ಬೀಳುತ್ತದೆ. ಅಲ್ಲಿ ಕೆಳಗಿನಿಂದ ಸೂಜಿಯಂಥ ಚಿಕ್ಕ ತೂತು ಮಾತ್ರ ಕೊರೆಯಬೇಕು. ದೊಡ್ಡ ತೂತನ್ನು ಮೇಲಿನಿಂದ, ಕಾಗದದ ಅಂಟುಪಟ್ಟಿ ಹಚ್ಚಿ, ನಿಧಾನ ವೇಗದಲ್ಲಿ ಕೊರೆಯಬೇಕು. ಇಲ್ಲವಾದರೆ ಬಣ್ಣದ ಪದರ ಚಕ್ಕೆಯೇಳುತ್ತದೆ. ಗಾಜಿನ ಪುಡಿ ಚರ್ಮಕ್ಕೆ ತುರಿಕೆ, ಶ್ವಾಸಕ್ಕೆ ಕೆಡುಕು. ಕನ್ನಡಕ, ಕೈಗವಸು, ಧೂಳು ತಡೆಯುವ ಒಳ್ಳೆಯ ಮುಖವಾಡ ಮೂರೂ ಬೇಕು. ಪುಟ್ಟ ಮಕ್ಕಳನ್ನು ಹತ್ತಿರ ಬಿಡಬಾರದು. ಕೊರೆದ ತೂತಿನ ಅಂಚಿಗೆ ರಾಳ ಸವರಿದರೆ ಎಳೆಗಳು ನೀರು ಹೀರುವುದಿಲ್ಲ.

ಕೊನೆಯದೇ ಎಲ್ಲಕ್ಕಿಂತ ಮುಖ್ಯ. ತೂತಿನ ಮೇಲೆ ಲೋಹದ ಬಿಲ್ಲೆ, ಒಳಮೈಯಲ್ಲಿ ಇನ್ನೂ ಅಗಲವಾದ ತಗಡು. ಏಕೆಂದು ಲೆಕ್ಕ ನೋಡಿ. ಒಂದು ಪಿನ್ನಿನ ಮೇಲೆ 25 ಕಿಲೋ ಬಲ ಬಿತ್ತು ಎನ್ನಿ. ಬಿಲ್ಲೆ ಇಲ್ಲದಿದ್ದರೆ ಕ್ಲಿಪ್ಪಿನ ಸಣ್ಣ ತಂತಿ ಫೈಬರ್‌ಗ್ಲಾಸಿಗೆ ಒತ್ತುವ ಜಾಗ ಒಂದು ಚದರ ಸೆಂಟಿಮೀಟರ್ ಇದ್ದೀತು. ಅಷ್ಟೂ 25 ಕಿಲೋ ಆ ಒಂದು ಚದರಕ್ಕೆ! ಐದು ಸೆಂಟಿಮೀಟರ್ ಅಗಲದ ದುಂಡು ಬಿಲ್ಲೆ ಇದ್ದರೆ, ನಡುವಿನ ತೂತು ಕಳೆದೂ ಸುಮಾರು 18 ಚದರ ಸೆಂಟಿಮೀಟರ್ ಸಿಗುತ್ತದೆ. ಚದರಕ್ಕೆ ಬೀಳುವುದು ಒಂದೂವರೆ ಕಿಲೋಗಿಂತ ಕಡಿಮೆ. ಕೊಟ್ಟಿಗೆಯ ಛಾವಣಿಗೆ ಬೋಲ್ಟು ಬಿಗಿಯುವವರು ಅಗಲ ವಾಷರ್ ಹಾಕದೆ ಬಿಡುವುದಿಲ್ಲ, ಇದೂ ಅದೇ ನಿಯಮ. ಲಾಚಿನ ಕೊಂಡಿಗೆ, ಕೀಲಿನ ಬೋಲ್ಟುಗಳಿಗೆ ಕೂಡ ಒಳಗಿನಿಂದ ಉಕ್ಕಿನ ತಗಡು ಅಂಟಿಸಿ ಬಲ ಕೊಡಲೇಬೇಕು.

ಕೀಲಿನಲ್ಲಿ ಇನ್ನೊಂದು ಗುಂಡಿ ಕಾದಿದೆ. ಹಲವು ಹಳೆಯ ಅಮೆರಿಕನ್ ಕಾರುಗಳ ಕೀಲಿಗೆ ಭಾರೀ ಸ್ಪ್ರಿಂಗುಗಳಿವೆ. ಅವು ಭಾರವಾದ ಉಕ್ಕನ್ನು ಎತ್ತಿ ಹಿಡಿಯಲು ಮಾಡಿದವು. ಅರ್ಧ ತೂಕದ ಬಾನೆಟ್ಟನ್ನು ಅವು ಹಿಂದಿನಿಂದ ಸದಾ ಮೇಲಕ್ಕೆ ಒದೆಯುತ್ತವೆ. ಮುಚ್ಚುವಾಗ ಬಾನೆಟ್ಟು ನಡುವಿನಲ್ಲಿ ಬಿಲ್ಲಿನಂತೆ ಬಾಗಿ ಕೀಲಿನ ಬಳಿ ಬಿರುಕು ಬಿಡುತ್ತದೆ. ಹಗುರ ಬಾನೆಟ್ಟಿಗೆ ಹಗುರ ಸ್ಪ್ರಿಂಗು ಬೇಕು, ಇಲ್ಲವೆ ಸ್ಪ್ರಿಂಗು ತೆಗೆದು ಊರುಗೋಲಿನ ಕಡ್ಡಿ ಕೊಡಬೇಕು. ಬಿಗಿದ ಸ್ಪ್ರಿಂಗು ಸಿಡಿದರೆ ಕಣ್ಣು ಹೋದೀತು. ಅದನ್ನು ಅನುಭವಸ್ಥ ಮೆಕ್ಯಾನಿಕ್ಕಿಗೆ ಬಿಡುವುದು ಜಾಣತನ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಮೊದಲು ಕೈಯಿಂದ ಎರಡೂ ಮೂಲೆಗಳನ್ನು ಮೇಲಕ್ಕೆ ಎಳೆದು ನೋಡಬೇಕು. ನಂತರ ವಾಹನಗಳಿಲ್ಲದ ರಸ್ತೆಯಲ್ಲಿ ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಬಾನೆಟ್ಟನ್ನೇ ಗಮನಿಸಬೇಕು. 40, ಆಮೇಲೆ 60, ಆಮೇಲೆ 80. ಎಲ್ಲಿ ನಡುಗಿತೋ ಅಲ್ಲಿಗೆ ನಿಲ್ಲಿಸಿ ಮನೆಗೆ ಮರಳಬೇಕು. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಬೇಕು.

ಮರೆವೇ ದೊಡ್ಡ ಶತ್ರು

ಇಷ್ಟೆಲ್ಲ ಮಾಡಿದರೂ ಒಂದು ದೌರ್ಬಲ್ಯ ಉಳಿಯುತ್ತದೆ. ಉಕ್ಕಿನ ಬಾನೆಟ್ಟನ್ನು ಬಿಟ್ಟರೆ ಲಾಚು ತಾನಾಗಿ ಕಚ್ಚಿಕೊಳ್ಳುತ್ತದೆ. ಪಿನ್ನಿಗೆ ಆ ಬುದ್ಧಿ ಇಲ್ಲ, ಕ್ಲಿಪ್ಪನ್ನು ಕೈಯಾರೆ ತೂರಿಸಬೇಕು. ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ನೋಡಿ, ಫೋನ್ ಬಂತೆಂದು ಕ್ಲಿಪ್ಪು ಹಾಕುವುದನ್ನು ಮರೆತರೆ?

ಕ್ಲಿಪ್ಪನ್ನು ಸಣ್ಣ ತಂತಿಯಿಂದ ಕಾರಿಗೇ ಕಟ್ಟಿಡುವುದು ವಾಡಿಕೆ. ಅದರಿಂದ ಕಳೆದುಹೋಗುವುದಿಲ್ಲ. ಮರೆವಿಗೆ ಮದ್ದು ವಿಮಾನ ನಿಲ್ದಾಣದಲ್ಲಿದೆ. ನಿಂತ ವಿಮಾನದ ಪಿನ್ನು, ಮುಚ್ಚಳಗಳಿಗೆ ಹಾರುವ ಮುನ್ನ ತೆಗೆಯಬೇಕೆಂದು ನೆನಪಿಸುವ ಕೆಂಪು ಪಟ್ಟಿಗಳನ್ನು ನೇತುಹಾಕಿರುತ್ತಾರೆ. ಬಾನೆಟ್ಟು ತೆರೆದಾಗಲೆಲ್ಲ ಒಂದು ಕೆಂಪು ರಿಬ್ಬನ್ನನ್ನು ಸ್ಟಿಯರಿಂಗಿಗೆ ಕಟ್ಟಿ, ಕ್ಲಿಪ್ಪು ಹಾಕಿದ ಮೇಲಷ್ಟೇ ಬಿಚ್ಚಿದರೆ ಆಯಿತು. ಖರ್ಚು ಏನೂ ಇಲ್ಲ. ರಿಪೇರಿಗೆ ಬಿಟ್ಟ ಕಾರು ಮರಳಿ ಬಂದಾಗ ಅಥವಾ ಬೇರೆಯವರು ಓಡಿಸಿದ ಮೇಲೆ ಒಮ್ಮೆ ಮುಂದೆ ಬಂದು ನೋಡುವುದು ಇನ್ನೊಂದು ಒಳ್ಳೆಯ ಅಭ್ಯಾಸ.

ವಾರಕ್ಕೊಮ್ಮೆ, ಕಾರು ತೊಳೆಯುವಾಗ, ತೂತಿನ ಸುತ್ತ ಮತ್ತು ಕೀಲಿನ ಬಳಿ ಬೆರಳಾಡಿಸಬೇಕು. ಕೂದಲೆಳೆಯ ಬಿರುಕು ಕಂಡರೆ ಅದು ಬಣ್ಣದ ಪದರದ್ದೋ ಆಳದ್ದೋ ಎಂದು ಒಳಗಿನಿಂದಲೂ ನೋಡಬೇಕು. ಪಿನ್ನಿರುವ ಬಾನೆಟ್ಟನ್ನು ಯಾರು ಬೇಕಾದರೂ ಬಿಚ್ಚಬಹುದಲ್ಲ, ಬ್ಯಾಟರಿ ಕದ್ದಾರು ಎಂಬ ಚಿಂತೆ ಸಹಜ. ಬೀಗವಿರುವ ಪಿನ್ನುಗಳೂ ಸಿಗುತ್ತವೆ. ಕಾರ್ಖಾನೆಯ ಲಾಚನ್ನು ಉಳಿಸಿಕೊಂಡವರಿಗೆ ಆ ಚಿಂತೆ ಹೇಗೂ ಕಡಿಮೆ.

ಹಾರಿಯೇ ಬಿಟ್ಟರೆ?

ಯಾವ ಕಾರಿಗಾದರೂ ಇದು ಆಗಬಹುದು. ಆದ್ದರಿಂದ ಚಾಲನೆ ಕಲಿಯುವ ಮಕ್ಕಳೆಲ್ಲ ತಿಳಿದಿರಬೇಕು. ಬಾನೆಟ್ಟು ಎದ್ದು ಗಾಜು ಮುಚ್ಚಿದರೆ ಗಾಬರಿಯಿಂದ ಬ್ರೇಕ್ ಒದೆಯಬಾರದು, ಹಿಂದಿನ ವಾಹನ ಗುದ್ದೀತು. ಸ್ಟಿಯರಿಂಗನ್ನು ಝಾಡಿಸಿ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಅಪಾಯಸೂಚಕ ದೀಪ ಹಾಕಬೇಕು. ತಲೆ ತಗ್ಗಿಸಿದರೆ ಬಾನೆಟ್ಟಿನ ಕೆಳ ಅಂಚಿಗೂ ಕಾರಿನ ಮೈಗೂ ನಡುವಿನ ಸಂದಿಯಲ್ಲಿ ಅನೇಕ ವೇಳೆ ರಸ್ತೆ ಕಾಣುತ್ತದೆ. ಕಾಣದಿದ್ದರೆ ಪಕ್ಕದ ಕಿಟಕಿಯಿಂದ ಗೆರೆಯನ್ನು ನೋಡುತ್ತ, ಮೆಲ್ಲಗೆ ಬ್ರೇಕ್ ಒತ್ತುತ್ತ ರಸ್ತೆಯ ಅಂಚಿಗೆ ಬರಬೇಕು.

ಕರ್ನಾಟಕದ ರಸ್ತೆಯಲ್ಲಿ

ಫೈಬರ್‌ಗ್ಲಾಸ್ ಕಾರು ಬೆಂಗಳೂರಿಗೆ ಅಪರಿಚಿತವಲ್ಲ. 1980ರ ದಶಕದಲ್ಲಿ ಇಲ್ಲಿಯ ಸಿಪಾನಿ ಆಟೊಮೊಬೈಲ್ಸ್ ಕಂಪನಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಾರನ್ನು ಆಧರಿಸಿ ‘ಡಾಲ್ಫಿನ್’ ಎಂಬ ಪುಟ್ಟ ಫೈಬರ್‌ಗ್ಲಾಸ್ ಕಾರನ್ನು ತಯಾರಿಸಿತು. ಹಳೆಯ ಬೆಂಗಳೂರಿಗರಲ್ಲಿ ಕೆಲವರಿಗೆ ಅದು ನೆನಪಿರಬಹುದು. ಆದರೆ ಅದು ಮೊದಲಿನಿಂದಲೇ ಫೈಬರ್‌ಗ್ಲಾಸಿಗೆಂದು ರೂಪಿಸಿದ ಕಾರು. ಉಕ್ಕಿಗೆಂದು ರೂಪಿಸಿದ ಕಾರಿಗೆ ಮುಂದೊಂದು ದಿನ ಫೈಬರ್‌ಗ್ಲಾಸ್ ಜೋಡಿಸುವುದು ಬೇರೆ ಮಾತು. ಕಾನೂನೂ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ಆದ್ದರಿಂದ ಇಲ್ಲಿಯ ವಿದ್ಯಾರ್ಥಿಗಳು ಡ್ರಿಲ್ ಹಿಡಿಯುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಮಿಷಿಗನ್ನಿನ ಶೆಡ್ಡಿಗೆ ಮರಳೋಣ. ಅಪ್ಪ-ಮಗ ಒಂದು ಕಾಗದದ ಮೇಲೆ ಲೆಕ್ಕ ಹಾಕಿದ್ದಾರೆ. ಅಪ್ಪ “ಬೇಡ” ಎನ್ನುವುದನ್ನು ಬಿಟ್ಟಿದ್ದಾರೆ, ಮಗ “ಏನೂ ಆಗಲ್ಲ” ಎನ್ನುವುದನ್ನು ಬಿಟ್ಟಿದ್ದಾನೆ. ಹಳೆಯ ಲಾಚು ಉಳಿಯಿತು, ಅದರ ಬೇರಿಗೆ ತಗಡು ಬಿತ್ತು, ಎರಡು ಪಿನ್ನು ನಿಂತವು. ಮಗ ಕೀಲಿಕೈ ತಿರುಗಿಸುವಾಗ ಅಮ್ಮ ಕಾರಿನ ಮುಂದೆ ಬಂದು ಎರಡೂ ಕ್ಲಿಪ್ಪುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಕಾರು ಹತ್ತುತ್ತಾರೆ. ಎಷ್ಟು ಪಿನ್ನು ಹಾಕಿದರೂ ಆ ಒಂದು ಮುಟ್ಟುವಿಕೆಗೆ ಬದಲಿ ಇಲ್ಲ.

ಮಾಡಿ ನೋಡಿ

ಎರಡು ಬೆರಳಗಲದ ಒಂದು ಗೇಣುದ್ದದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಒಂದು ತುದಿಯನ್ನು ಕೆಳತುಟಿಯ ಬಳಿ ಹಿಡಿಯಿರಿ, ಇನ್ನೊಂದು ತುದಿ ಬಾಗಿ ಜೋತುಬೀಳಲಿ. ಈಗ ಪಟ್ಟಿಯ ಮೇಲುಗಡೆ ಜೋರಾಗಿ ಊದಿ. ಕೆಳಗೆ ಹೋಗಬೇಕಾದ ಪಟ್ಟಿ ಮೇಲೇಳುತ್ತದೆ! ಬಾಗಿದ ಮೈಯನ್ನು ಅನುಸರಿಸಿ ಹರಿಯುವ ಗಾಳಿ ಅಲ್ಲಿ ಒತ್ತಡವನ್ನು ತಗ್ಗಿಸುತ್ತದೆ. ಬಾನೆಟ್ಟಿನ ಮುಂದಿನ ಬಾಗಿನಲ್ಲಿ ನಡೆಯುವುದೂ ಇದೇ. ಈಗ ಪಟ್ಟಿಯ ಜೋತ ತುದಿಗೆ ಒಂದು ಕಾಗದದ ಕ್ಲಿಪ್ಪು ಸಿಕ್ಕಿಸಿ ಮತ್ತೆ ಊದಿ. ಎಷ್ಟು ಕ್ಲಿಪ್ಪು ಹಾಕಿದರೆ ಪಟ್ಟಿ ಏಳದೆ ನಿಲ್ಲುತ್ತದೆ, ಬರೆದಿಡಿ. ಆಮೇಲೆ ಕ್ಲಿಪ್ಪುಗಳನ್ನೆಲ್ಲ ತೆಗೆದು, ಜೋತ ತುದಿಗೆ ಒಂದು ದಾರ ಅಂಟಿಸಿ, ದಾರದ ಇನ್ನೊಂದು ತುದಿಯನ್ನು ಮೇಜಿಗೆ ಅಂಟಿಸಿ ಊದಿ. ತೂಕ ಹೇರುವುದಕ್ಕೂ ಕಟ್ಟಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.